ಎತ್ತರದ ಹುಡುಗನೂ ಅವಸರದ ಅಳತೆಯೂ

2015ರ ಜೂನ್ 25ರ ರಾತ್ರಿ ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದಲ್ಲಿರುವ ಬಾರ್ಕ್ಲೇಸ್ ಸೆಂಟರ್ ಎಂಬ ಕ್ರೀಡಾಮಂದಿರದಲ್ಲಿ, ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಸಂಘವಾದ ಎನ್‌ಬಿಎಯ 30 ತಂಡಗಳು ಎರಡು ಸುತ್ತುಗಳಲ್ಲಿ 60 ಮಂದಿ ಹೊಸ ಆಟಗಾರರನ್ನು ಆರಿಸಿಕೊಳ್ಳುತ್ತಿದ್ದಾಗ, 52ನೆಯ ಹೆಸರಾಗಿ ಘೋಷಿತವಾದುದು ಪಂಜಾಬಿನ ಬರ್ನಾಲಾ ಜಿಲ್ಲೆಯ ಬಲ್ಲೋಕೆ ಎಂಬ ಹಳ್ಳಿಯ ರೈತನ ಮಗ, 7 ಅಡಿ 2 ಅಂಗುಲ ಎತ್ತರದ ಸತ್ನಾಮ್ ಸಿಂಗ್ ಭಮರಾನ ಹೆಸರು. ಭಾರತದಲ್ಲಿ ಹುಟ್ಟಿದವನೊಬ್ಬನು ಡ್ರಾಫ್ಟ್ ಎಂದು ಕರೆಯುವ ಆ ಆಯ್ಕೆಯ ಪಟ್ಟಿಯಲ್ಲಿ ಸ್ಥಾನ ಪಡೆದುದು ಅದೇ ಮೊದಲು. ದೇಶದ ಪತ್ರಿಕೆಗಳು ಹರ್ಷಿಸಿದವು. ಹರ್ಷಿಸತಕ್ಕ ಸಂಗತಿಯೇ ಅದಾಗಿತ್ತು. ಆದರೆ ಅವನನ್ನು ಆರಿಸಿಕೊಂಡ ಡಲ್ಲಾಸ್ ಮಾವೆರಿಕ್ಸ್ ತಂಡದ ಪರವಾಗಿ ಎನ್‌ಬಿಎ ಅಂಕಣದಲ್ಲಿ ಒಂದೇ ಒಂದು ಪಂದ್ಯವನ್ನಾಡುವ ಯೋಗವೂ ಅವನಿಗೆ ಒದಗಲಿಲ್ಲ. ಕೆಳದರ್ಜೆಯ ಲೀಗಿನ ಟೆಕ್ಸಾಸ್ ಲೆಜೆಂಡ್ಸ್ ತಂಡದಲ್ಲಿ ಎರಡು ಋತುಗಳನ್ನು ಕಳೆದು, ಸ್ವದೇಶಕ್ಕೆ ಮರಳಿ, ಕಡೆಗೆ 2022ರಿಂದ ಅವನು ಅಮೆರಿಕದ ಪ್ರದರ್ಶನ ಕುಸ್ತಿಯ ಅಖಾಡದಲ್ಲಿ ಕಾಣಿಸಿಕೊಂಡನು.

ಸತ್ನಾಮನ ಆಯ್ಕೆಯಾದ ಅದೇ 2015ರ ಏಪ್ರಿಲಿನಲ್ಲಿ, ಕೆನಡಾದಲ್ಲಿ ಪಂಜಾಬಿ ತಂದೆತಾಯಿಗಳಿಗೆ ಜನಿಸಿದ 7 ಅಡಿ 5 ಅಂಗುಲದ ಸಿಮ್ ಭುಲ್ಲರನು ಸ್ಯಾಕ್ರಮೆಂಟೊ ಕಿಂಗ್ಸ್ ತಂಡದ ಪರವಾಗಿ ಮೂರು ಪಂದ್ಯಗಳಲ್ಲಿ ಕೆಲವೇ ನಿಮಿಷಗಳ ಕಾಲ ಆಡಿ, ಎನ್‌ಬಿಎ ಅಂಕಣವನ್ನು ತುಳಿದ ಮೊದಲ ಭಾರತೀಯ ಮೂಲದವನೆಂಬ ಕೀರ್ತಿಗೆ ಪಾತ್ರನಾಗಿದ್ದನು. ನ್ಯೂ ಮೆಕ್ಸಿಕೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಆಡಿ, ಅಲ್ಲಿಯ ಪ್ರಾಂತೀಯ ಪಂದ್ಯಾವಳಿಯಲ್ಲಿ ಎರಡು ಸಲವೂ ಶ್ರೇಷ್ಠ ಆಟಗಾರನೆನಿಸಿಕೊಂಡಿದ್ದ ಅವನನ್ನು 2014ರ ಡ್ರಾಫ್ಟಿನಲ್ಲಿ ಒಂದು ತಂಡವೂ ಕೈಹಿಡಿದಿರಲಿಲ್ಲ. ಈ ಎರಡು ನಿದರ್ಶನಗಳನ್ನು ಮುಂದಿಟ್ಟುಕೊಂಡು, ಎತ್ತರವೊಂದಿದ್ದರೆ ಸಾಲದು ಎಂದು ಹೇಳಿ ಮುಗಿಸಿಬಿಡುವುದು ಸುಲಭ. ಅದು ಸುಳ್ಳೂ ಅಲ್ಲ. ಆದರೆ ರಾಯಚೂರಿನಲ್ಲಿ ಕುಳಿತು ಈ ವಿಷಯವನ್ನು ಚಿಂತಿಸುವಾಗ ನನಗೆ ಹೆಚ್ಚು ಮುಖ್ಯವೆಂದು ತೋರುವುದು ಬೇರೊಂದು ಸಂಗತಿ. ಮಹಾಕಾಯನಾದ ಆಟಗಾರನು ಪ್ರಾಯಶಃ ತಡವಾಗಿ ಒದಗತಕ್ಕವನು. ಅವನ ಬೆಲೆಯನ್ನು ಕಟ್ಟತಕ್ಕ ಸ್ಥಳ ಶಾಲೆಯಲ್ಲ, ಕಾಲೇಜು. ಮತ್ತು ನಮ್ಮ ಜಿಲ್ಲೆಯಲ್ಲಿ ಅವನು ಆ ವಯಸ್ಸನ್ನು ಮುಟ್ಟುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ.

ಬೆಲೆ ಕಟ್ಟುವವರು ಏನನ್ನು ನೋಡುತ್ತಾರೆ ಎಂಬುದನ್ನು ಮೊದಲು ವಿಚಾರಿಸೋಣ. ರಾಯಚೂರಿನ ಎಪಿಎಂಸಿ ಪ್ರಾಂಗಣದಲ್ಲಿ ಹತ್ತಿಯ ಖರೀದಿದಾರನು ಅಂಡಿಗೆಯ ಗಾತ್ರವನ್ನು ಕಂಡು ದರ ಹೇಳುವುದಿಲ್ಲ; ಅದರೊಳಗಿಂದ ಒಂದು ಚಿಟಿಕೆಯಷ್ಟನ್ನು ಕಿತ್ತು, ಎರಡು ಹೆಬ್ಬೆರಳುಗಳ ನಡುವೆ ಎಳೆದೆಳೆದು, ಎಳೆಯ ಉದ್ದವನ್ನೂ ಬಿಗುವನ್ನೂ ಬೆಳಕಿಗೆ ಹಿಡಿದು ನೋಡಿ, ಅನಂತರವೇ ಬಾಯಿ ತೆರೆಯುತ್ತಾನೆ. ಷಿಕಾಗೋ ನಗರದಲ್ಲಿ ಪ್ರತಿವರ್ಷ ಡ್ರಾಫ್ಟಿಗೆ ಮುನ್ನ ನಡೆಯುವ ಪರೀಕ್ಷಾಶಿಬಿರದಲ್ಲಿ ತಂಡಗಳ ಪರೀಕ್ಷಕರು ಬೂಟಿಲ್ಲದ ಎತ್ತರ, ಚಾಚಿದ ತೋಳುಗಳ ಅಳತೆ, ನಿಂತಲ್ಲೇ ಕೈಯೆತ್ತಿದರೆ ಬೆರಳು ತಲುಪುವ ಮಟ್ಟ ಮೊದಲಾದುವನ್ನೆಲ್ಲ ಬರೆದುಕೊಳ್ಳುವರಾದರೂ, ಎತ್ತರದವನ ವಿಷಯದಲ್ಲಿ ಅವರ ದೃಷ್ಟಿ ನೆಟ್ಟಿರುವುದು ಅವನ ಪಾದಗಳ ಮೇಲೆ.

ಏಕೆಂಬುದನ್ನು ಆಟದ ಒಂದು ತುಣುಕಿನಿಂದ ತಿಳಿಯಬಹುದು. ಎದುರು ತಂಡದ ಚುರುಕಾದ ಗಾರ್ಡ್ ಒಬ್ಬನು ಚೆಂಡನ್ನು ತಟ್ಟುತ್ತ ಮೂರು ಅಂಕದ ಗೆರೆಯ ಬಳಿಗೆ ಬರುತ್ತಾನೆ. ಅವನ ಜೊತೆಗಾರನೊಬ್ಬನು ಓಡಿಬಂದು, ಅವನನ್ನು ಕಾಯುತ್ತಿದ್ದವನಿಗೆ ಮೈಯೊಡ್ಡಿ ಅಡ್ಡ ನಿಲ್ಲುತ್ತಾನೆ. ಆ ಕ್ಷಣದಲ್ಲಿ ಗಾರ್ಡಿನ ಎದುರಿಗೆ ಉಳಿಯುವವನು ನಮ್ಮ ಏಳಡಿಯವನೊಬ್ಬನೇ. ಅವನು ಮುಂದಕ್ಕೆ ಧಾವಿಸಿದರೆ ಗಾರ್ಡ್ ಪಕ್ಕದಿಂದ ನುಸುಳಿ ರಿಂಗಿನ ಕೆಳಗೆ ಸೇರುತ್ತಾನೆ; ಹಿಂದಕ್ಕೆ ಸರಿದರೆ ನಿಂತಲ್ಲಿಂದಲೇ ಚೆಂಡೆಸೆದು ಮೂರು ಅಂಕ ಗಳಿಸುತ್ತಾನೆ; ನಡುವೆ ತಡವರಿಸಿದರೆ, ಅಡ್ಡ ನಿಂತಿದ್ದ ಜೊತೆಗಾರನು ಹೊರಳಿ ಬುಟ್ಟಿಯ ಕಡೆಗೆ ಓಡುತ್ತ ಚೆಂಡನ್ನು ಪಡೆಯುತ್ತಾನೆ. ಸೊಂಟವನ್ನು ತಗ್ಗಿಸಿ, ಕಾಲಿಗೆ ಕಾಲು ತೊಡರದಂತೆ ಎರಡು ಹೆಜ್ಜೆ ಅಡ್ಡಕ್ಕೆ ಸರಿದು, ಕೈಗಳನ್ನು ಅಗಲಿಸಿ, ತಟ್ಟನೆ ತಿರುಗಿ ಮತ್ತೆ ಬುಟ್ಟಿಯ ಕಡೆಗೆ ಓಡುವ ಈ ಕಾರ್ಯವನ್ನು ಏಳಡಿಯ ದೇಹವೊಂದು ಕಣ್ಣು ಮಿಟುಕಿಸುವಷ್ಟರಲ್ಲಿ ನೆರವೇರಿಸಬೇಕು. ಒಂದು ಪಂದ್ಯದಲ್ಲಿ ಹತ್ತಾರು ಸಲ, 82 ಪಂದ್ಯಗಳ ಒಂದು ಋತುವಿನಲ್ಲಿ ಸಾವಿರಾರು ಸಲ ನೆರವೇರಿಸಬೇಕು. ಸತ್ನಾಮನ ವಿಷಯದಲ್ಲಿಯೂ ಭುಲ್ಲರನ ವಿಷಯದಲ್ಲಿಯೂ ಪರೀಕ್ಷಕರು ಹಿಂಜರಿದುದು ಈ ಸ್ಥಳದಲ್ಲಿಯೇ.

ಹಿಂದೆ ಹೀಗಿರಲಿಲ್ಲ. ಎತ್ತರದವನು ರಿಂಗಿನ ಬಳಿ ನಿಂತರೆ ಸಾಕೆಂಬ ಕಾಲವೊಂದಿತ್ತು. ಅವನನ್ನು ಅಲ್ಲಿಂದ ಕದಲಿಸುವುದಕ್ಕಾಗಿಯೇ ನಿಯಮಗಳು ಒಂದಾದ ಮೇಲೊಂದರಂತೆ ಹುಟ್ಟಿದವು. 1951ರಲ್ಲಿ ರಿಂಗಿನ ಕೆಳಗಿನ ನಿಷಿದ್ಧ ಪಥವನ್ನು 6 ಅಡಿಯಿಂದ 12 ಅಡಿಗೆ ಅಗಲಗೊಳಿಸಿದರು. 1979ರಲ್ಲಿ ಮೂರು ಅಂಕದ ಗೆರೆಯನ್ನೆಳೆದರು. 2001ರಲ್ಲಿ, ರಕ್ಷಣೆಗೆ ನಿಂತವನೂ ಎದುರಾಳಿಯೊಬ್ಬನನ್ನು ಕಾಯದೆ ಮೂರು ಸೆಕೆಂಡುಗಳಿಗಿಂತ ಹೆಚ್ಚು ಕಾಲ ಆ ಪಥದಲ್ಲಿ ಬೀಡುಬಿಡಬಾರದೆಂದು ವಿಧಿಸಿದರು. 2012ರ ಹೊತ್ತಿಗೆ, ಅಭಿಮಾನಿಗಳು ಮತ ಹಾಕಿ ಆಟಗಾರರನ್ನು ಆರಿಸುವ ತಾರಾಪಂದ್ಯದ ಮತಪತ್ರಿಕೆಯಿಂದ, ಎತ್ತರದವನು ನಿಲ್ಲುವ ಸೆಂಟರ್ ಎಂಬ ಸ್ಥಾನವೇ ಕಾಣೆಯಾಯಿತು.

ಈ ಬದಲಾವಣೆಯ ಪರಿಣಾಮವಾಗಿ ಕಾಲೇಜಿನಲ್ಲಿ ಅಜೇಯನೆನಿಸಿದ ಮಹಾಕಾಯನು ವೃತ್ತಿಪರರ ಸಂತೆಯಲ್ಲಿ ಅಗ್ಗವಾಗುವ ವಿಚಿತ್ರವನ್ನು ಕಾಣುತ್ತಿದ್ದೇವೆ. ಅಯೋವಾದ ಲ್ಯೂಕಾ ಗಾರ್ಜಾ 2021ರಲ್ಲಿ ಅಮೆರಿಕದ ಕಾಲೇಜುಗಳ ಶ್ರೇಷ್ಠ ಆಟಗಾರನೆಂಬ ಬಿರುದನ್ನು ಪಡೆದನು. ಆ ವರ್ಷದ ಡ್ರಾಫ್ಟಿನಲ್ಲಿ ಅವನಿಗೆ ದೊರೆತುದು ಸತ್ನಾಮನಿಗೆ ದೊರೆತಿದ್ದ ಅದೇ 52ನೆಯ ಸ್ಥಾನ. 2022ರಲ್ಲಿ ಅದೇ ಬಿರುದನ್ನು ಪಡೆದ ಕೆಂಟಕಿಯ ಆಸ್ಕರ್ ಷೀಬ್ವೆಗೆ ಮರುವರ್ಷದ ಡ್ರಾಫ್ಟಿನಲ್ಲಿ ಅಷ್ಟೂ ಸಿಗಲಿಲ್ಲ. ಪರೀಕ್ಷಕರು ಸರ್ವಜ್ಞರೆಂದು ಇದರ ಅರ್ಥವಲ್ಲ. 1984ರಲ್ಲಿ ಪೋರ್ಟ್‌ಲ್ಯಾಂಡ್ ತಂಡವು ಮೈಕೆಲ್ ಜೋರ್ಡನ್‌ನನ್ನು ಬಿಟ್ಟು 7 ಅಡಿ 1 ಅಂಗುಲದ ಸ್ಯಾಮ್ ಬೋವಿಯನ್ನು ಆರಿಸಿಕೊಂಡು ನಗೆಗೀಡಾಯಿತು. 2007ರಲ್ಲಿ ಅದೇ ತಂಡವು ಕೆವಿನ್ ಡ್ಯುರಾಂಟ್‌ನನ್ನು ಬಿಟ್ಟು ಗ್ರೆಗ್ ಓಡೆನ್ ಎಂಬ ಏಳಡಿಯವನನ್ನು ಆರಿಸಿಕೊಂಡಿತು. ಇಬ್ಬರ ಕಾಲುಗಳೂ ಭಾರವನ್ನು ತಾಳಲಿಲ್ಲ. ಇತ್ತ 2014ರಲ್ಲಿ 41ನೆಯ ಸ್ಥಾನಕ್ಕೆ ತಳ್ಳಲ್ಪಟ್ಟ ಸೆರ್ಬಿಯಾದ ನಿಕೋಲಾ ಯೋಕಿಚ್, ನೆಗೆಯಲಾರದವನು, ಮೈ ಸಡಿಲವಾದವನು ಎಂದು ಮೂಗು ಮುರಿಸಿಕೊಂಡವನು, 2021, 2022 ಮತ್ತು 2024ರಲ್ಲಿ ಎನ್‌ಬಿಎಯ ಅತ್ಯುತ್ತಮ ಆಟಗಾರನೆನಿಸಿದನು.

ಈ ಸಂದರ್ಭದಲ್ಲಿ ನಾನು ವಿಶೇಷವಾಗಿ ವಿವರಿಸಬಯಸುವುದು ಜ್ಯಾಕ್ ಈಡಿ ಎಂಬ ಕೆನಡಾದ ಯುವಕನ ಕಥೆಯನ್ನು. ಟೊರಾಂಟೊ ನಗರದಲ್ಲಿ ಐಸ್ ಹಾಕಿಯನ್ನೂ ಬೇಸ್‌ಬಾಲನ್ನೂ ಆಡಿಕೊಂಡು ಬೆಳೆದ ಇವನು ಬ್ಯಾಸ್ಕೆಟ್‌ಬಾಲಿಗೆ ಕೈಹಚ್ಚಿದುದು ಪ್ರೌಢಶಾಲೆಯ ನಡುವಿನ ವರ್ಷಗಳಲ್ಲಿ. ಅನಂತರ ಅವನು ಸೇರಿದುದು ಫ್ಲಾರಿಡಾದ ಬ್ರಾಡೆಂಟನ್ನಿನಲ್ಲಿರುವ ಐಎಂಜಿ ಅಕಾಡೆಮಿಯನ್ನು. 2010ರಲ್ಲಿ ಭಾರತದಿಂದ ಹೋದ ಬಾಲಕ ಬಾಲಕಿಯರ ಜೊತೆಯಲ್ಲಿ ಸತ್ನಾಮ್ ಸೇರಿದ್ದ ಅಕಾಡೆಮಿಯೂ ಅದೇ. ಅಲ್ಲಿಂದ ಇಬ್ಬರ ದಾರಿಗಳೂ ಕವಲೊಡೆಯುತ್ತವೆ. ಓದಿನ ತೊಡಕಿನಿಂದ ಸತ್ನಾಮನಿಗೆ ಕಾಲೇಜಿನ ಪ್ರವೇಶ ದೊರೆಯಲಿಲ್ಲ. ಅಕಾಡೆಮಿಯಿಂದ ನೇರವಾಗಿ ಡ್ರಾಫ್ಟಿಗೆ ನಿಂತನು. ಈಡಿಯಾದರೋ 2020ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯವನ್ನು ಸೇರಿ ನಾಲ್ಕು ವರ್ಷಗಳನ್ನು ಸಂಪೂರ್ಣವಾಗಿ ಅಲ್ಲಿಯೇ ಕಳೆದನು. ಮೊದಲ ವರ್ಷ ಬಹುಮಟ್ಟಿಗೆ ಬದಲಿ ಆಟಗಾರನಾಗಿ ಆಡಿದವನು, ಮೂರನೆಯ ವರ್ಷ ಕಾಲೇಜುಗಳ ಶ್ರೇಷ್ಠ ಆಟಗಾರನೆನಿಸಿದನು. ಅದೇ 2023ರಲ್ಲಿ ಅವನ ತಂಡವು ರಾಷ್ಟ್ರೀಯ ಪಂದ್ಯಾವಳಿಯ ಮೊದಲ ಸುತ್ತಿನಲ್ಲಿಯೇ, ಕಾಲೇಜುಗಳ ಉನ್ನತ ಶ್ರೇಣಿಯ ಎಲ್ಲ ತಂಡಗಳಲ್ಲಿಯೂ ಅತ್ಯಂತ ಕುಳ್ಳನೆಯ ಆಟಗಾರರಿದ್ದ ಫೇರ್ಲಿ ಡಿಕಿನ್ಸನ್ ತಂಡಕ್ಕೆ 63–58ರಿಂದ ಸೋತಿತು. 7 ಅಡಿ 4 ಅಂಗುಲದವನ ಸುತ್ತಲೂ ಕುಳ್ಳರು ಮುತ್ತಿಕೊಂಡು ಚೆಂಡು ಅವನ ಕೈಸೇರದಂತೆ ಮಾಡಿದ ಆ ಆಟವನ್ನು ಕಂಡವರು, ಇವನ ಯುಗ ಮುಗಿಯಿತೆಂದೇ ಭಾವಿಸಿದರು.

ಡ್ರಾಫ್ಟಿಗೆ ಹೆಸರು ಕೊಟ್ಟಿದ್ದ ಈಡಿ, ತನಗೆ ಬರಬಹುದಾದ ಬೆಲೆಯನ್ನು ವಿಚಾರಿಸಿಕೊಂಡು, ಹೆಸರನ್ನು ಹಿಂತೆಗೆದುಕೊಂಡು ಕಾಲೇಜಿಗೆ ಮರಳಿದನು. ಮರುವರ್ಷ ಪ್ರತಿ ಪಂದ್ಯಕ್ಕೆ ಸರಾಸರಿ 25ಕ್ಕೂ ಹೆಚ್ಚು ಅಂಕಗಳನ್ನು ಗಳಿಸಿ, ತಂಡವನ್ನು ಅಂತಿಮ ಪಂದ್ಯದವರೆಗೆ ಒಯ್ದು, ಕನೆಕ್ಟಿಕಟ್ಟಿನ ಎದುರು ಸೋತ ಆ ಪಂದ್ಯದಲ್ಲಿ ಒಬ್ಬನೇ 37 ಅಂಕಗಳನ್ನು ಕಲೆಹಾಕಿದನು. 2024ರ ಡ್ರಾಫ್ಟಿನಲ್ಲಿ ಮೆಂಫಿಸ್ ತಂಡವು ಅವನನ್ನು 9ನೆಯವನಾಗಿ ಆರಿಸಿಕೊಂಡಾಗ ಹುಬ್ಬೇರಿಸಿದವರು ಅನೇಕರು. ಒಂದು ವರ್ಷದ ಬಳಿಕ ಅವನು ಆ ಸಾಲಿನ ಹೊಸ ಆಟಗಾರರ ಪ್ರಥಮ ಪಂಕ್ತಿಯಲ್ಲಿ ಸ್ಥಾನ ಪಡೆದಿದ್ದನು. ಈಡಿಯ ದೇಹ ಸತ್ನಾಮನ ದೇಹಕ್ಕಿಂತ ಹೆಚ್ಚು ಚುರುಕಾದುದೆಂಬುದು ನಿಜವೇ. ಎಲ್ಲವನ್ನೂ ಕಾಲೇಜಿನ ಲೆಕ್ಕಕ್ಕೆ ಜಮಾ ಮಾಡುವುದು ಸಲ್ಲದು. ಆದರೂ ಹದಿನೆಂಟರಿಂದ ಇಪ್ಪತ್ತೆರಡರ ನಡುವಿನ ಆ ನಾಲ್ಕು ವರ್ಷಗಳಲ್ಲಿ ಒಬ್ಬನೇ ಗುರುವಿನ ಕಣ್ಣೆದುರಿನಲ್ಲಿ ದಿನವೂ ತಪ್ಪುತ್ತ ತಿದ್ದಿಕೊಳ್ಳುತ್ತ ಬೆಳೆಯುವ ಅವಕಾಶ ಒಬ್ಬನಿಗೆ ದೊರೆತು ಇನ್ನೊಬ್ಬನಿಗೆ ದೊರೆಯಲಿಲ್ಲವೆಂಬುದನ್ನು ಅಲ್ಲಗಳೆಯುವಂತಿಲ್ಲ.

ಎತ್ತರದವರ ಇತಿಹಾಸವನ್ನು ಕೆದಕಿದಷ್ಟೂ ಈ ತಡವೇ ಎದುರಾಗುತ್ತದೆ. ಮಹಾಕಾಯ ಸೆಂಟರುಗಳ ಪಂಕ್ತಿಯಲ್ಲಿ ಮೊದಲಿಗನೆನ್ನಬಹುದಾದ ಜಾರ್ಜ್ ಮೈಕನ್, 6 ಅಡಿ 10 ಅಂಗುಲದ, ದಪ್ಪ ಕನ್ನಡಕದ, ತನ್ನ ಕಾಲನ್ನು ತಾನೇ ಎಡವುತ್ತಿದ್ದ ಹುಡುಗ. 1942ರಲ್ಲಿ ಷಿಕಾಗೋದ ಡಿಪಾಲ್ ವಿಶ್ವವಿದ್ಯಾಲಯಕ್ಕೆ ತರಬೇತುದಾರನಾಗಿ ಬಂದ ರೇ ಮೇಯರ್ ಅವನ ಕೈಗೆ ಮೊದಲು ಚೆಂಡು ಕೊಡುವ ಬದಲು ಹಗ್ಗ ಕೊಟ್ಟು ಕುಣಿಸಿದನು, ಮುಷ್ಟಿಯುದ್ಧದ ವರಸೆಗಳನ್ನು ಕಲಿಸಿದನು, ನೃತ್ಯದ ಪಾಠಕ್ಕೂ ಕಳುಹಿಸಿದನು. ಬುಟ್ಟಿಯ ಎಡಕ್ಕೊಮ್ಮೆ ಬಲಕ್ಕೊಮ್ಮೆ, ಬಲಗೈಯಿಂದೊಮ್ಮೆ ಎಡಗೈಯಿಂದೊಮ್ಮೆ ಎಡೆಬಿಡದೆ ಚೆಂಡು ಹಾಕುವ ಅಭ್ಯಾಸವೊಂದನ್ನು ರೂಢಿಸಿದನು. ಅದು ಇಂದಿಗೂ ಮೈಕನ್ನನ ಹೆಸರಿನಿಂದಲೇ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ನೈಜೀರಿಯಾದ ಹಕೀಮ್ ಒಲಾಜುವಾನ್ ಹದಿಹರೆಯದ ನಡುವಿನವರೆಗೂ ಫುಟ್‌ಬಾಲಿನ ಗೋಲಿಯೂ ಹ್ಯಾಂಡ್‌ಬಾಲ್ ಆಟಗಾರನೂ ಆಗಿದ್ದು, ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ಪಳಗಿ, 1984ರ ಡ್ರಾಫ್ಟಿನ ಮೊದಲಿಗನಾದನು. ಕ್ಯಾಮರೂನಿನ ಜೋಯೆಲ್ ಎಂಬೀಡ್ ವಾಲಿಬಾಲ್ ಆಟಗಾರನಾಗಬೇಕೆಂದಿದ್ದವನು. ಹದಿನೈದರ ವಯಸ್ಸಿನ ಬಳಿಕ ಬ್ಯಾಸ್ಕೆಟ್‌ಬಾಲ್ ಹಿಡಿದು 2014ರಲ್ಲಿ 3ನೆಯ ಸ್ಥಾನ ಪಡೆದನು.

ಬೆಳೆಯುವ ಸಿರಿಯನ್ನು ಮೊಳಕೆಯಲ್ಲೇ ಕಾಣಬೇಕೆಂಬ ಗಾದೆಯನ್ನು ನಮ್ಮ ಕ್ರೀಡಾವ್ಯವಸ್ಥೆ ಅಕ್ಷರಶಃ ನಂಬಿದೆ. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿನಿಲಯಗಳಿಗೆ ಪ್ರವೇಶದ ಹೆಬ್ಬಾಗಿಲು ತೆರೆಯುವುದು ಐದನೆಯ ಹಾಗೂ ಎಂಟನೆಯ ತರಗತಿಗಳ ಹೊತ್ತಿಗೆ. ತಾಲ್ಲೂಕಿನಿಂದ ಬಂದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಎತ್ತರ, ತೂಕ, ಓಟ, ನೆಗೆತಗಳನ್ನು ಬರೆದುಕೊಂಡು, ಮಧ್ಯಾಹ್ನದ ಊಟದ ವೇಳೆಗೆ ಪಟ್ಟಿ ಮುಗಿಸುವ ಈ ಪದ್ಧತಿ ಜಿಮ್ನಾಸ್ಟಿಕ್ಸಿಗೂ ಈಜಿಗೂ ಒಪ್ಪಬಹುದು. ಕಾಲೇಜು ವಯಸ್ಸಿನವರಿಗೆ ಸ್ಥಾನಗಳಿಲ್ಲವೆಂದಲ್ಲ; ಆದರೆ ಅವು ಈಗಾಗಲೇ ಆಡಿ ಪ್ರಮಾಣಪತ್ರ ಸಂಪಾದಿಸಿದವರ ಪಾಲಿನವು. ಹದಿನೇಳರಲ್ಲಿ ಒಮ್ಮೆಲೇ ನೀಳವಾಗಿ ಬೆಳೆದು, ಅದುವರೆಗೆ ಚೆಂಡನ್ನೇ ಮುಟ್ಟದವನು ಯಾವ ಪ್ರಮಾಣಪತ್ರವನ್ನು ತಂದಾನು?

ನಮ್ಮ ಜಿಲ್ಲೆಯ ದೇವದುರ್ಗ ಹಾಗೂ ಮಾನ್ವಿಯ ಸೀಮೆಗೆ ಈ ಪ್ರಶ್ನೆ ಬೇರೆಡೆಗಿಂತ ಹೆಚ್ಚು ಸಲ್ಲುತ್ತದೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಗುರುತಿಸಿದಾಗ ದೇವದುರ್ಗವು ಆ ಪಟ್ಟಿಯಲ್ಲಿತ್ತು. ಕೃಷ್ಣೆಯ ದಡದಲ್ಲಿದ್ದೂ ಗುಳೆ ಹೋಗುವ ಕುಟುಂಬಗಳ ತಾಲ್ಲೂಕು ಅದು. ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಮಾನ್ವಿಯ ಕಡೆ ಬತ್ತದ ಸಮೃದ್ಧಿ ಕಂಡರೂ, ಕೂಲಿಕಾರರ ಮಕ್ಕಳ ತಟ್ಟೆಗೆ ಅದು ಸಮನಾಗಿ ಇಳಿದಿಲ್ಲ. ಬಾಲ್ಯದಲ್ಲಿ ಪುಷ್ಟಿ ಸಾಲದ ಮಗುವಿಗೆ ಪ್ರಾಯ ತಡವಾಗಿ ಬರುತ್ತದೆ, ಬೆಳವಣಿಗೆ ಹೆಚ್ಚು ವರ್ಷಗಳಿಗೆ ಹರಡಿಕೊಳ್ಳುತ್ತದೆ ಎಂಬುದು ವೈದ್ಯರು ಒಪ್ಪಿದ ಮಾತು. ಹೀಗಾಗಿ ಎಂಟನೆಯ ತರಗತಿಯ ಸಾಲಿನಲ್ಲಿ ಗಿಡ್ಡನೆನಿಸಿಕೊಂಡು ಹಿಂದಿರುಗಿದ ಹುಡುಗನೇ ಪಿಯುಸಿ ಎರಡನೆಯ ವರ್ಷದಲ್ಲಿ ಬಾಗಿಲ ಚೌಕಟ್ಟಿಗೆ ತಲೆ ತಾಗಿಸಿಕೊಂಡು ಒಳಗೆ ಬರುವುದುಂಟು. ಅಷ್ಟರಲ್ಲಿ ಅಳತೆಯವರು ಹೋಗಿಯಾಗಿರುತ್ತದೆ.

ಅವನು ಬಂದು ಸೇರಿದ ಪದವಿಪೂರ್ವ ಕಾಲೇಜಿನ ಸ್ಥಿತಿಯಾದರೂ ಏನು? ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕರಿರುತ್ತಾರೆ; ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆಯುಂಟು; ನಡುವಿನ ಎರಡು ವರ್ಷಗಳಲ್ಲಿ, ಅಂದರೆ ದೇಹವು ಅತ್ಯಂತ ವೇಗವಾಗಿ ರೂಪಾಂತರಗೊಳ್ಳುವ ಕಾಲದಲ್ಲಿ, ಸರಕಾರಿ ಪದವಿಪೂರ್ವ ಕಾಲೇಜುಗಳ ಪೈಕಿ ಬಹುತೇಕ ಕಡೆ ಇತಿಹಾಸವನ್ನೋ ಅರ್ಥಶಾಸ್ತ್ರವನ್ನೋ ಬೋಧಿಸುವ ಉಪನ್ಯಾಸಕರೊಬ್ಬರು ಕ್ರೀಡಾ ಸಂಚಾಲಕರೆಂಬ ಹೆಚ್ಚಿನ ಹೊರೆಯನ್ನು ಹೊತ್ತಿರುತ್ತಾರೆ. ಅವರನ್ನು ದೂರುವುದು ಅನ್ಯಾಯ. ದಸರಾ ಕ್ರೀಡಾಕೂಟ ಬಂದಾಗ ಹುಡುಗರನ್ನು ಬಸ್ಸು ಹತ್ತಿಸಿ, ರಾಯಚೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣಕ್ಕೆ ಕರೆತಂದು, ಹಾಜರಿ ಹಾಕಿಸಿ, ಸಂಜೆಗೆ ಸುರಕ್ಷಿತವಾಗಿ ಮನೆ ಮುಟ್ಟಿಸುವುದೇ ಅವರಿಗೊಂದು ಯಜ್ಞ.

ಇಲ್ಲಿ ಇನ್ನೊಂದು ಅಪಾಯವಿದೆ, ಇದನ್ನು ಕುರಿತು ಯಾರೂ ಮಾತನಾಡದಿರುವುದು ನನಗೆ ಆಶ್ಚರ್ಯ. ನಮ್ಮ ಅಂತರ ಕಾಲೇಜು ಪಂದ್ಯಗಳಲ್ಲಿ 6 ಅಡಿ 3 ಅಂಗುಲದ ಹುಡುಗನೊಬ್ಬನು ದೊರೆತರೆ, ಬೇರೆ ಆಲೋಚನೆಯೇ ಇಲ್ಲದೆ ಅವನನ್ನು ರಿಂಗಿನ ಕೆಳಗೆ ಕಟ್ಟಿಹಾಕುತ್ತಾರೆ. ಚೆಂಡು ತಟ್ಟಿಕೊಂಡು ಹೋಗಬೇಡ, ದೂರದಿಂದ ಎಸೆಯಬೇಡ, ಕೈಯೆತ್ತಿ ನಿಲ್ಲು, ಬಂದ ಚೆಂಡನ್ನು ಹಿಡಿದು ಕೊಡು ಎಂಬುದೇ ಅವನಿಗೆ ಉಪದೇಶ. ಸುತ್ತಲಿನವರೆಲ್ಲ 5 ಅಡಿ 7 ಅಂಗುಲದವರಾಗಿರುವಾಗ ಈ ಉಪಾಯದಿಂದ ಕಪ್ಪು ಗೆಲ್ಲಬಹುದು. ಆದರೆ ಅದೇ ಹುಡುಗ ರಾಜ್ಯಮಟ್ಟಕ್ಕೆ ಹೋದರೆ ಅಲ್ಲಿ ತನಗಿಂತ ಎತ್ತರದವರನ್ನು ಕಾಣುತ್ತಾನೆ. ರಾಷ್ಟ್ರಮಟ್ಟದಲ್ಲಿ ಪಂಜಾಬಿನ, ತಮಿಳುನಾಡಿನ, ರೈಲ್ವೆಯ, ಸೇನೆಯ ಸೆಂಟರುಗಳ ಎದುರಿನಲ್ಲಿ ಅವನ ತಲೆ ಅವರ ಭುಜಕ್ಕೆ ಬರುತ್ತದೆ. ಎನ್‌ಬಿಎಯಲ್ಲಾದರೋ 6 ಅಡಿ 3 ಅಂಗುಲವೆಂಬುದು ಚೆಂಡು ತಟ್ಟಿಕೊಂಡು ಹೋಗುವ ಗಾರ್ಡಿನ ಎತ್ತರ. ಆ ಹೊತ್ತಿಗೆ ಅವನಿಗೆ ಇಪ್ಪತ್ತೊಂದು ತುಂಬಿರುತ್ತದೆ, ಮತ್ತು ಗಾರ್ಡ್ ಕಲಿತಿರಬೇಕಾದ ಒಂದು ವಿದ್ಯೆಯೂ ಅವನ ಕೈಯಲ್ಲಿರುವುದಿಲ್ಲ, ನಾವೇ ಬೇಡವೆಂದಿದ್ದೆವು. ಜಿಲ್ಲೆಯ ಕಪ್ಪಿಗಾಗಿ ಹುಡುಗನ ಭವಿಷ್ಯವನ್ನು ಮಾರಿದಂತಾಯಿತು. ರಾಯಚೂರಿನ ಮಟ್ಟಿಗೆ ಎತ್ತರದವನನ್ನು ಅಳೆಯುವ ಮೊದಲನೆಯ ಪರೀಕ್ಷೆ ಇದಾಗಬೇಕೆಂದು ನನ್ನ ಅಭಿಪ್ರಾಯ: ಎದುರಾಳಿಯೊಬ್ಬನು ಮೈಗೆ ಮೈ ತಾಗಿಸಿ ಕಾಡುತ್ತಿರುವಾಗ, 28 ಮೀಟರ್ ಉದ್ದದ ಅಂಕಣದ ಒಂದು ತುದಿಯಿಂದ ಇನ್ನೊಂದು ತುದಿಗೆ ಅವನು ಎಡಗೈಯಿಂದ ಚೆಂಡು ತಟ್ಟಿಕೊಂಡು ಹೋಗಬಲ್ಲನೆ?

ಬೂಟಿನ ಮತ್ತು ನೆಲದ ವಿಷಯವನ್ನು ಸಣ್ಣದೆಂದು ತಳ್ಳಿಹಾಕಬಾರದು. ಬೋವಿ, ಓಡೆನ್, ಚೀನಾದ ಯಾವೊ ಮಿಂಗ್, ಎಂಬೀಡ್ ಇವರೆಲ್ಲರನ್ನೂ ಕಾಡಿದುದು ಕಾಲಿನ ಮೂಳೆ, ಪಾದ, ಮೊಣಕಾಲುಗಳೇ. ಅವರು ಆಡಿದುದು ಮರದ ಹಲಗೆಯ ನೆಲದ ಮೇಲೆ. ನಮ್ಮ ಹುಡುಗರು ಆಡುವುದು ಸಿಮೆಂಟಿನ ಮೇಲೆ, ಏಪ್ರಿಲ್ ಮೇ ತಿಂಗಳುಗಳ ರಾಯಚೂರಿನ ಬಿಸಿಲಿಗೆ ಹೆಂಚಾಗಿ ಸಂಜೆ ಐದಾದರೂ ಬಿಸಿಯುಸಿರು ಬಿಡುವ ಸಿಮೆಂಟಿನ ಮೇಲೆ. ಹನ್ನೆರಡನೆಯ ನಂಬರಿನ ಬೂಟು ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ವಸ್ತುವಲ್ಲ. ಹತ್ತರ ಬೂಟಿನಲ್ಲಿ ಬೆರಳು ಮಡಚಿಕೊಂಡು ಕುಣಿಯುವವನ ಹೆಜ್ಜೆಯನ್ನು ಕಂಡು, ಇವನಿಗೆ ಕಾಲು ಬಾರದೆಂದು ತೀರ್ಮಾನಿಸುವುದು ಪರೀಕ್ಷಕನಿಗೆ ಶೋಭಿಸುವುದಿಲ್ಲ.

ದೇವದುರ್ಗದ ಹುಡುಗನಿಗೆ ಎನ್‌ಬಿಎಯ ಕನಸು ತೋರಿಸುವುದು ಹಾಸ್ಯಾಸ್ಪದವಲ್ಲವೇ ಎಂದು ಕೇಳುವವರುಂಟು. ನಾನು ತೋರಿಸುತ್ತಿರುವ ಕನಸು ಅದಲ್ಲ. ಭಾರತದಲ್ಲಿ ಬ್ಯಾಸ್ಕೆಟ್‌ಬಾಲನ್ನು ವೃತ್ತಿಯೆಂದು ಹಿಡಿದವನ ಅನ್ನ ಇಂದಿಗೂ ಬಹುಮಟ್ಟಿಗೆ ರೈಲ್ವೆ, ಸೇನೆ, ಬ್ಯಾಂಕು, ಆದಾಯ ತೆರಿಗೆ ಇಲಾಖೆಗಳ ಕ್ರೀಡಾ ಕೋಟಾದ ನೌಕರಿಯಲ್ಲಿದೆ. ಬೆಂಗಳೂರಿನಲ್ಲಿ ವಿಜಯಾ ಬ್ಯಾಂಕ್ ಬಹುಕಾಲ ತಂಡವನ್ನು ಸಾಕಿತು. 2019ರಲ್ಲಿ ಆ ಬ್ಯಾಂಕೇ ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾಯಿತು. ಲೀಗುಗಳೂ ಬಂದವು. 2015ರಲ್ಲಿ ಆರಂಭವಾದ ಯುಬಿಎ ಲೀಗಿನಲ್ಲಿ ಬೆಂಗಳೂರಿನ ತಂಡವೊಂದಿತ್ತು. ಅದು ಕೆಲವೇ ಋತುಗಳಲ್ಲಿ ನಿಂತುಹೋಯಿತಾದರೂ, ಅಲ್ಲಿ ಆಡಿದ ಪಂಜಾಬಿನ ಪಾಲ್‌ಪ್ರೀತ್ ಸಿಂಗ್‌ನನ್ನು 2016ರಲ್ಲಿ ಎನ್‌ಬಿಎಯ ಕೆಳದರ್ಜೆಯ ಲೀಗಿನ ತಂಡವೊಂದು ತನ್ನ ಡ್ರಾಫ್ಟಿನಲ್ಲಿ ಆರಿಸಿಕೊಂಡಿತು. 2022ರಲ್ಲಿ ಇನ್ನೊಂದು ರಾಷ್ಟ್ರೀಯ ಲೀಗು ಬೆಂಗಳೂರು ಕಿಂಗ್ಸ್ ಮೊದಲಾದ ಆರು ತಂಡಗಳಿಂದ ಮೊದಲಾಯಿತು. ಇವುಗಳ ಆಯುಷ್ಯವನ್ನು ನಂಬಿ ಓದು ಬಿಡೆಂದು ನಾನು ಯಾವ ಹುಡುಗನಿಗೂ ಹೇಳಲಾರೆ. ನೌಕರಿಯ ದಾರಿಯಾದರೋ ನಿಜವಾದುದು. ರಾಯಚೂರಿನಲ್ಲಿಯೇ ಹುಟ್ಟಿದ ಕ್ರಿಕೆಟಿಗ ಯರೇಗೌಡರು ರೈಲ್ವೆ ತಂಡವನ್ನು ಸೇರಿ, 2001–02 ಹಾಗೂ 2004–05ರಲ್ಲಿ ಅದು ರಣಜಿ ಟ್ರೋಫಿ ಗೆದ್ದ ಕಾಲದಲ್ಲಿ ಅದರ ಮಧ್ಯಮ ಕ್ರಮಾಂಕಕ್ಕೆ ಆಧಾರವಾಗಿದ್ದು, ಮುಂದೆ ಕರ್ನಾಟಕಕ್ಕೆ ಮರಳಿ ನಾಯಕರೂ ತರಬೇತುದಾರರೂ ಆದುದು ಇಲ್ಲಿಯವರಿಗೆ ಮರೆತಿರಲಾರದು.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಲೆಕ್ಕಾಚಾರ ಇನ್ನೂ ಅನುಕೂಲಕರವಾಗಿದೆ ಎಂದು ನನಗೆ ತೋರುತ್ತದೆ, ಏಕೆಂದರೆ ಅಲ್ಲಿ ಸ್ಪರ್ಧೆ ವಿರಳ, ಮೇಲಿನ ಮೆಟ್ಟಿಲು ಹತ್ತಿರ. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಕಜಕಸ್ತಾನವನ್ನು 75–73ರಿಂದ ಮಣಿಸಿ ಏಷ್ಯಾ ಕಪ್ಪಿನ ಎರಡನೆಯ ವಿಭಾಗವನ್ನು ಗೆದ್ದ ಭಾರತ ತಂಡದಲ್ಲಿ ಕರ್ನಾಟಕದ ಪಿ.ಯು. ನವನೀತಾ ಇದ್ದರು. ಮಾನ್ವಿಯ ಕಡೆಯ ಎತ್ತರದ ಹುಡುಗಿಯೊಬ್ಬಳಿಗೆ ಈ ಹೆಸರನ್ನು ಹೇಳಿದವರಿದ್ದಾರೆಯೇ ಎಂಬುದು ನನ್ನ ಸಂದೇಹ. ಅವಳ ಎತ್ತರವನ್ನು ವರನ ಎತ್ತರದೊಡನೆ ಮಾತ್ರ ಹೋಲಿಸಿ ನಿಟ್ಟುಸಿರಿಡುವ ಬಂಧುಗಳು ಬೇಕಾದಷ್ಟಿದ್ದಾರೆ.

ಹಾಗಾದರೆ ಆಗಬೇಕಾದುದೇನು? 1980ರಲ್ಲಿ ಸ್ಥಾಪಿತವಾದ ಗುಲಬರ್ಗಾ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ನಮ್ಮ ಕಾಲೇಜುಗಳಿದ್ದಷ್ಟು ಕಾಲ, ವಿಶ್ವವಿದ್ಯಾಲಯದ ತಂಡದಲ್ಲಿ ಸ್ಥಾನ ಬೇಕಾದ ದೇವದುರ್ಗದ ಹುಡುಗನು ದೂರದ ಕಲಬುರಗಿಗೆ ಹೋಗಿ ಅಲ್ಲಿಯ ಹಾಗೂ ಬೀದರಿನ ಹುಡುಗರೊಡನೆ ಸೆಣಸಬೇಕಾಗಿತ್ತು. ಈಚಿನ ವರ್ಷಗಳಲ್ಲಿ ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳಿಗೆಂದೇ ಪ್ರತ್ಯೇಕ ವಿಶ್ವವಿದ್ಯಾಲಯ ಬಂದಿದೆ. ಆದಿಕವಿ ಶ್ರೀ ಮಹರ್ಷಿ ವಾಲ್ಮೀಕಿಗಳ ಹೆಸರನ್ನು ಅದಕ್ಕಿಟ್ಟಿದ್ದಾರೆ. ಇದರಿಂದ ಸ್ಪರ್ಧೆಯ ಕ್ಷೇತ್ರ ಕಿರಿದಾಯಿತು, ಗುಣಮಟ್ಟ ಇಳಿಯಿತು ಎಂದು ಮರುಗುವವರಿದ್ದಾರೆ. ನನಗೆ ಇದು ತಡವಾಗಿ ಬಂದವನಿಗಾಗಿ ತೆರೆದ ಎರಡನೆಯ ಬಾಗಿಲಾಗಿ ಕಾಣುತ್ತದೆ. ಅಂತರ ವಿಶ್ವವಿದ್ಯಾಲಯ ಪಂದ್ಯಗಳಿಗೆ ಹೋಗುವ ಹನ್ನೆರಡು ಮಂದಿಯಲ್ಲಿ ಒಂದೆರಡು ಸ್ಥಾನಗಳನ್ನು ಇಂದು ಚೆನ್ನಾಗಿ ಆಡುವವರಿಗಲ್ಲದೆ, ಎರಡು ವರ್ಷಗಳ ಬಳಿಕ ಆಡಬಲ್ಲ ಎತ್ತರದವರಿಗೆ ಮೀಸಲಿಟ್ಟರೆ, ಕಪ್ಪು ಕೈತಪ್ಪಬಹುದೇ ಹೊರತು ನಷ್ಟವೇನೂ ಆಗದು. ಈಗಾದರೂ ಆ ಕಪ್ಪು ನಮ್ಮ ಕೈಯಲ್ಲಿಲ್ಲವಷ್ಟೆ.

ಪ್ರತಿ ಪದವಿಪೂರ್ವ ಕಾಲೇಜಿನಲ್ಲಿ ವರ್ಷಕ್ಕೆರಡು ಸಲ, ಜೂನ್ ತಿಂಗಳಲ್ಲೊಮ್ಮೆ ಜನವರಿಯಲ್ಲೊಮ್ಮೆ, ಆರಡಿ ಮೀರಿದ ಹುಡುಗರ ಹಾಗೂ ಐದಡಿ ಎಂಟಂಗುಲ ಮೀರಿದ ಹುಡುಗಿಯರ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ: ಎತ್ತರ, ತೋಳಿನ ಅಳತೆ, ಬೂಟಿನ ನಂಬರು, ತಂದೆತಾಯಿಗಳ ಎತ್ತರ, ಹಿಂದೆ ಆಡಿದ ಆಟ. ವಾಲಿಬಾಲ್ ಆಡಿದ್ದರೆ ಅದನ್ನು ಕೆಂಪು ಶಾಯಿಯಲ್ಲಿ ಬರೆಯಲಿ, ನಮ್ಮ ಹಳ್ಳಿಗಳಲ್ಲಿ ಎತ್ತರದವರು ಮೊದಲು ಸಿಕ್ಕುವುದು ಅಲ್ಲಿಯೇ. ಆ ಪುಸ್ತಕದ ಒಂದು ಪ್ರತಿ ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ವಿಭಾಗಕ್ಕೆ ತಲುಪಲಿ. ಅಲ್ಲಿಂದ ಒಬ್ಬರು, ಕ್ರೀಡಾಕೂಟದ ಗದ್ದಲವಿಲ್ಲದ ಒಂದು ಸಾಮಾನ್ಯ ಸಂಜೆ, ದೇವದುರ್ಗಕ್ಕೂ ಮಾನ್ವಿಗೂ ಬಸ್ಸಿನಲ್ಲಿ ಹೋಗಿ, ಅವರಿಗೆ ಮೊದಲು ಹಗ್ಗ ಕೊಟ್ಟು, ಆಮೇಲೆ ಚೆಂಡು ಕೊಟ್ಟು, ಸುಮ್ಮನೆ ಕುಳಿತು ನೋಡಲಿ. ಇದಕ್ಕೆ ಬೇಕಾದುದು ಒಂದು ಡಜನ್ ಹಗ್ಗ, ಬಸ್ಸಿನ ಖರ್ಚು ಮತ್ತು ಪದವಿಪೂರ್ವ ಕಾಲೇಜುಗಳಿಗೆ ದೈಹಿಕ ಶಿಕ್ಷಣದ ಹುದ್ದೆ. ಮೊದಲ ಎರಡನ್ನು ವಿಶ್ವವಿದ್ಯಾಲಯವು ಈ ವರ್ಷವೇ ಒದಗಿಸಬಹುದು. ಮೂರನೆಯದನ್ನು ಬೆಂಗಳೂರಿನಲ್ಲಿ ಕೇಳಬೇಕಾದವರು ಈ ಜಿಲ್ಲೆಯ ಶಾಸಕರು.